ಕ್ಯಾನ್ಸಲ್ ಆದ ಚೆಕ್ಕನ್ನು ಫೈಲಿನಲ್ಲಿ ಯಾಕೆ ಇಡಬೇಕು?

ಪ್ರಶ್ನೆ: ಸರ್, ನಾನು ಹಾವೇರಿ ಕಡೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಲಾರ್ಕ್. ಸಾಲದ ಅರ್ಜಿ ಜೊತೆ ಎಲ್ಲರಿಂದಲೂ ಕ್ಯಾನ್ಸಲ್ಡ್ ಚೆಕ್ ಒಂದನ್ನು ತೆಗೆದುಕೊಳ್ಳುತ್ತೇವೆ. ಮೊನ್ನೆ ಹಿರಿಯ ಸದಸ್ಯರೊಬ್ಬರು, "ಕ್ಯಾನ್ಸಲ್ ಆದಮ್ಯಾಲೆ ಅದು ರದ್ದಿ ಆತಲ್ರೀ, ಮತ್ಯಾಕ ಫೈಲಿನ್ಯಾಗ ಇಟಗೋತೀರಿ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಶಬ್ದದ ನಿಜವಾದ ಅರ್ಥ ಏನು, ಎಲ್ಲಿಂದ ಬಂತು? ಕ್ಯಾನ್ಸರ್ ರೋಗದ ಹೆಸರಿಗೂ ಇದಕ್ಕೂ ನಂಟಿದೆ ಅಂತ ನಮ್ಮ ಸಹೋದ್ಯೋಗಿ ವಾದಿಸುತ್ತಾರೆ, ಹೌದಾ? ಇನ್ನೊಂದು: ನಮ್ಮ ರಬ್ಬರ್ ಸ್ಟ್ಯಾಂಪಿನಲ್ಲಿ ಕ್ಯಾನ್ಸಲ್ಡ್ ಅನ್ನುವುದಕ್ಕೆ ಎರಡು ಎಲ್ ಇದೆ, ಕಂಪ್ಯೂಟರ್ ಒಂದೇ ಎಲ್ ಸಾಕು ಅನ್ನುತ್ತದೆ. ಯಾವುದು ಸರಿ?

ಉತ್ತರ: ನಿಮ್ಮ ಹಿರಿಯ ಸದಸ್ಯರು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನು ಕೇಳದೆ ಸುಮ್ನೆ ಚೆಕ್ ಹರಿದು ಕೊಡುವವರೇ ಜಾಸ್ತಿ. ನೇರವಾಗಿ ಹೇಳಿಬಿಡುತ್ತೇನೆ. ಕ್ಯಾನ್ಸಲ್ ಅನ್ನುವ ಕ್ರಿಯಾಪದದ ಹುಟ್ಟಿನಲ್ಲಿ ನಾಶ ಮಾಡುವುದು, ಅಳಿಸುವುದು, ಬಿಸಾಡುವುದು ಯಾವುದೂ ಇಲ್ಲ. ಬರೆದದ್ದರ ಮೇಲೆ ಅಡ್ಡಡ್ಡ ಗೀಟು ಎಳೆಯುವುದು, ಅಷ್ಟೇ. ಗೀಟಿನ ಕೆಳಗೆ ಬರಹ ಹಾಗೇ ಇರಬೇಕು, ಓದಲು ಬರಬೇಕು. ಹಾಗಾಗಿಯೇ ಆ ಚೆಕ್ ನಿಮ್ಮ ಫೈಲಿನಲ್ಲಿ ಕೆಲಸಕ್ಕೆ ಬರುತ್ತದೆ.

ಲ್ಯಾಟಿನ್ನಿನಲ್ಲಿ ಕ್ಯಾನ್ಸೆಲ್ಲಿ ಅಂತ ಒಂದು ಶಬ್ದವಿತ್ತು. ರೋಮನ್ನರ ಉಚ್ಚಾರ 'ಕಂಕೆಲ್ಲಿ' ಅನ್ನುವ ಹಾಗೆ ಇತ್ತು, ಇರಲಿ. ಅದು ಸಾಮಾನ್ಯವಾಗಿ ಬಹುವಚನ. ಅರ್ಥ ಜಾಲರಿ, ಅಡ್ಡಪಟ್ಟಿಗಳ ಬೇಲಿ, ಕಟಕಟೆ. ಗದಗದ ತ್ರಿಕೂಟೇಶ್ವರ ಗುಡಿಯಂಥ ಹಳೆಯ ಗುಡಿಗಳಲ್ಲಿ ಬೆಳಕು ಬರಲಿ ಅಂತ ಕಲ್ಲಿನಲ್ಲೇ ತೂತು ಕೊರೆದು ಮಾಡಿದ ಜಾಲಂಧ್ರ ನೋಡಿದ್ದೀರಲ್ಲ, ಆಚೆ ಇರುವವರು ಕಾಣುತ್ತಾರೆ ಆದರೆ ದಾಟಿ ಬರಲಾಗುವುದಿಲ್ಲ, ಕ್ಯಾನ್ಸೆಲ್ಲಿ ಅಂದರೆ ಆ ಜಾತಿಯದು. ಇದರಿಂದ ಕ್ಯಾನ್ಸೆಲ್ಲಾರೆ ಅನ್ನುವ ಕ್ರಿಯಾಪದ ಹುಟ್ಟಿತು: ಜಾಲರಿಯ ಹಾಗೆ ಮಾಡು. ಬರಹದ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಗೀಟು ಎಳೆದರೆ ಕಾಣುವುದು ಜಾಲರಿಯೇ ಅಲ್ವಾ? ಹೀಗಾಗಿ ಬರೆದದ್ದನ್ನು ಹೊಡೆದು ಹಾಕುವುದಕ್ಕೂ ಅದೇ ಶಬ್ದ ನಿಂತಿತು.

ಅಳಿಸುವುದಕ್ಕೆ ರೋಮನ್ನರ ಹತ್ತಿರ ಬೇರೆ ಶಬ್ದಗಳಿದ್ದವು. ಡೆಲೇರೆ ಅಂದರೆ ಒರೆಸಿ ಹಾಕು, ನಿಮ್ಮ ಕೀಬೋರ್ಡಿನ ಡಿಲೀಟ್ ಅದರ ಸಂತಾನ. ರಾಡೆರೆ ಅಂದರೆ ಹೆರೆ, ಕೆರೆದು ತೆಗೆ. ಶಾಲೆಯ ಇರೇಸರ್ ಮತ್ತು ಕ್ಷೌರದ ರೇಜರ್ ಎರಡೂ ಅದೇ ಮನೆಯವು. ರೋಮನ್ನರು ಮೇಣ ಹಚ್ಚಿದ ಮರದ ಹಲಗೆಯ ಮೇಲೆ ಚೂಪು ಕಡ್ಡಿಯಿಂದ ಬರೆಯುತ್ತಿದ್ದರು. ಕಡ್ಡಿಯ ಇನ್ನೊಂದು ತುದಿ ಚಪ್ಪಟೆ. ತಪ್ಪಾದರೆ ಆ ತುದಿಯಿಂದ ಮೇಣ ಸವರಿದರೆ ಮುಗಿಯಿತು, ಬರಹವೇ ಇಲ್ಲ. ಇಷ್ಟು ಸುಲಭವಾಗಿ ಅಳಿಸುವ ದಾರಿ ಇದ್ದೂ ಗೀಟು ಎಳೆಯುವುದಕ್ಕೆ ಬೇರೆ ಶಬ್ದ ಇತ್ತು ಅಂದರೆ, ಈ ಎರಡು ಕೆಲಸ ಒಂದೇ ಅಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೃತ್ಯುಪತ್ರದ ವಿಷಯ ಬಂದಾಗ ಇದು ದೊಡ್ಡ ತಕರಾರೇ ಆಗುತ್ತಿತ್ತು. ಮನುಷ್ಯ ಸತ್ತಿದ್ದಾನೆ, ಪತ್ರ ತೆರೆದರೆ ಕೆಲವು ಸಾಲುಗಳ ಮೇಲೆ ಗೀಟು ಬಿದ್ದಿದೆ. ಈಗ ಆಸ್ತಿ ಯಾರಿಗೆ? 3ನೇ ಶತಮಾನದ ಆರಂಭದ ಕಾನೂನು ಪಂಡಿತ ಉಲ್ಪಿಯನ್ ಹೇಳಿದ್ದು ಇಷ್ಟು: ಓದಲು ಬರುವ ಬರಹವನ್ನು ಗೊತ್ತಿಲ್ಲದೆ ಹೊಡೆದು ಹಾಕಿದ್ದರೆ ಅದು ಊರ್ಜಿತ, ಬೇಕೆಂದೇ ಹೊಡೆದು ಹಾಕಿದ್ದರೆ ಊರ್ಜಿತವಲ್ಲ. ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಹೊರಡಿಸಿದ ಕಾನೂನು ಸಂಗ್ರಹದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯ ಇದೆ, ಕ್ಯಾನ್ಸೆಲ್ಲಾರೆ ಕ್ರಿಯಾಪದ ಅಲ್ಲಿ ಕಾಣುತ್ತದೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಪ್ರಕರಣ ಒಂದಿದೆ. ಜಮೀನಿನ ಜಗಳಕ್ಕೆ ಅಂತ ಕೋರ್ಟಿಗೆ ಅಲೆಯುವ ನಮ್ಮ ಕಡೆಯವರಿಗೂ ಹಿಡಿಸಬಹುದು. ವಲೇರಿಯಸ್ ನೆಪೋಸ್ ಅನ್ನುವವನು ತನ್ನ ಮೃತ್ಯುಪತ್ರದಲ್ಲಿ ವಾರಸುದಾರರ ಹೆಸರುಗಳನ್ನು ಹೊಡೆದು ಹಾಕಿ ಸತ್ತ. ವಾರಸುದಾರರೇ ಇಲ್ಲ ಅಂದಮೇಲೆ ಆಸ್ತಿ ಖಜಾನೆಗೆ ಸೇರಬೇಕು ಅಂತ ಸರ್ಕಾರಿ ವಕೀಲರು ಪಟ್ಟು ಹಿಡಿದರು. ಆದರೆ ಅದೇ ಪತ್ರದಲ್ಲಿ ಬೇರೆಯವರಿಗೆ ಕೊಟ್ಟ ಉಡುಗೊರೆಗಳೂ ಇದ್ದವಲ್ಲ, ಅವುಗಳ ಗತಿ ಏನು? ಮಾರ್ಕಸ್ ಔರೇಲಿಯಸ್ ಚಕ್ರವರ್ತಿ ಸ್ವತಃ ವಿಚಾರಣೆ ನಡೆಸಿ, ಅವನು ಗೀಟು ಎಳೆದದ್ದು ಮಾತ್ರ ರದ್ದಾಗಲಿ ಅಂತ ಬಯಸಿದ್ದ ಎಂದು ತಿಳಿಯೋಣ, ಮನುಷ್ಯತ್ವದ ಅರ್ಥ ಇದೇ, ಅಂದ. ಉಳಿದದ್ದು ಉಳಿಯಿತು. ಬಿಡುಗಡೆಗೆ ಬರೆದಿದ್ದ ಗುಲಾಮನ ಹೆಸರಿನ ಮೇಲೂ ಗೀಟು ಬಿದ್ದಿತ್ತು, ಅವನನ್ನು ಮಾತ್ರ ಬಿಡುಗಡೆ ಮಾಡಿಯೇ ಬಿಟ್ಟರು. ಮೇಣ ಸವರಿ ಅಳಿಸಿದ್ದರೆ ಈ ವಾದ ಮಾಡುವುದಕ್ಕೆ ಅಲ್ಲಿ ಏನೂ ಇರುತ್ತಿರಲಿಲ್ಲ.

ಲ್ಯಾಟಿನ್ನಿಂದ ಹಳೆಯ ಫ್ರೆಂಚಿಗೆ, ಅಲ್ಲಿಂದ 1400ರ ಸುಮಾರಿಗೆ ಇಂಗ್ಲಿಷಿಗೆ ಶಬ್ದ ಬಂತು. ಬಂದಾಗ ಅದರ ಅರ್ಥ ಕಾಗದದ ಮೇಲೆ ಗೀಟು ಎಳೆಯುವುದೇ ಆಗಿತ್ತು. ಆಮೇಲೆ ಕಾಗದದಲ್ಲಿದ್ದ ಸಾಲ, ಕರಾರು, ವಚನ ಇವುಗಳನ್ನು ರದ್ದು ಮಾಡುವುದಕ್ಕೂ ಹಬ್ಬಿತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲು ಕ್ಯಾನ್ಸಲ್ ಅಂತ ಕೂಗುವುದು ಈ ಶಬ್ದದ ಕೊನೆಯ ಮೊಮ್ಮಗ. ಇಲ್ಲಿ ಗೀಟೂ ಇಲ್ಲ, ಕಾಗದವೂ ಇಲ್ಲ. ಆದರೂ ರೈಲ್ವೆಯವರು 'ಭಾಗಶಃ ರದ್ದು' ಅಂತ ಪ್ರಕಟಣೆ ಕೊಡುತ್ತಾರಲ್ಲ, ಬೆಂಗಳೂರಿಗೆ ಹೋಗಬೇಕಾದ ಗಾಡಿ ಅರಸೀಕೆರೆಗೇ ನಿಲ್ಲುತ್ತದೆ ಅಂತ, ಅದು ನೆಪೋಸನ ಮೃತ್ಯುಪತ್ರದ ನ್ಯಾಯವೇ: ಗೀಟು ಬಿದ್ದಷ್ಟು ಹೋಯಿತು, ಉಳಿದದ್ದು ಓಡುತ್ತದೆ.

ಇದೇ ಕಟಕಟೆಯಿಂದ ಇನ್ನೊಬ್ಬ ದೊಡ್ಡ ಮನುಷ್ಯ ಹುಟ್ಟಿದ್ದಾನೆ. ರೋಮನ್ ನ್ಯಾಯಾಲಯದಲ್ಲಿ ನ್ಯಾಯಾಧೀಶರಿಗೂ ಜನರಿಗೂ ನಡುವೆ ಅಡ್ಡಪಟ್ಟಿಯ ಬೇಲಿ ಇರುತ್ತಿತ್ತು. ಆ ಬೇಲಿಯ ಹತ್ತಿರ ನಿಲ್ಲುವ ನೌಕರನಿಗೆ ಕ್ಯಾನ್ಸೆಲ್ಲಾರಿಯಸ್ ಅನ್ನುತ್ತಿದ್ದರು. ಜವಾನನ ಕೆಲಸ ಅಂತ ಹೇಳಿದರೂ ನಡೆಯುತ್ತದೆ. ಬಾಗಿಲಲ್ಲಿ ನಿಂತವನ ಕೈಗೆ ಅರ್ಜಿ ಕಾಗದ ಬರುತ್ತವೆ, ಕಾಗದ ಕೈಗೆ ಬಂದವನಿಗೆ ಅಧಿಕಾರ ಬರುತ್ತದೆ, ಇದು ಎಲ್ಲ ಕಾಲದ ಕಚೇರಿಯ ಕಥೆ. ಅವನು ಕಾರ್ಯದರ್ಶಿಯಾದ, ರಾಜಮುದ್ರೆ ಇಟ್ಟುಕೊಳ್ಳುವವನಾದ, ಕೊನೆಗೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕುಲಾಧಿಪತಿಗೆ, ಅಂದರೆ ರಾಜ್ಯಪಾಲರಿಗೆ, ಇಂಗ್ಲಿಷಿನಲ್ಲಿ ಇರುವ ಹೆಸರೂ ಅದೇ. 1954ರಿಂದ 1967ರವರೆಗೆ ಡಿ.ಸಿ. ಪಾವಟೆಯವರು ಧಾರವಾಡದ ಆ ಗುಡ್ಡದ ಮೇಲೆ ವಿಶ್ವವಿದ್ಯಾಲಯ ಕಟ್ಟಿದ್ದು ವೈಸ್ ಚಾನ್ಸಲರ್ ಆಗಿ. ಶಬ್ದದ ಲೆಕ್ಕದಲ್ಲಿ ನೋಡಿದರೆ ಕಟಕಟೆಯ ಕಾವಲುಗಾರನ ಉಪ!

ಇಲ್ಲೊಂದು ತಮಾಷೆ ಇದೆ. 17ನೇ ಶತಮಾನದ ಇಂಗ್ಲಿಷ್ ನ್ಯಾಯವಾದಿ ಎಡ್ವರ್ಡ್ ಕೋಕ್, ಚಾನ್ಸಲರ್ ಅನ್ನುವ ಹೆಸರು ಬಂದದ್ದೇ ಕ್ಯಾನ್ಸಲ್ ಮಾಡುವುದರಿಂದ ಅಂತ ಬರೆದ. ಕಾನೂನಿಗೆ ವಿರುದ್ಧವಾಗಿ ರಾಜ ಕೊಟ್ಟ ಸನ್ನದುಗಳ ಮೇಲೆ ಗೀಟು ಎಳೆಯುವ ಅಧಿಕಾರ ಅವನದು, ಅದಕ್ಕೇ ಆ ಹೆಸರು ಅಂತ. ನೂರು ವರ್ಷದ ಮೇಲೆ ಇನ್ನೊಬ್ಬ ಇಂಗ್ಲಿಷ್ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಕೂಡ ಅದನ್ನೇ ಎತ್ತಿ ಹೇಳಿದ. ರಾಜನ ಮಾತಿಗೂ ಗೀಟು ಬೀಳಬಹುದು ಅಂತ ನಂಬಿದ್ದ ಕೋಕ್‌ಗೆ ಈ ವ್ಯುತ್ಪತ್ತಿ ಬಹಳ ಅನುಕೂಲವಾಗಿತ್ತು. ಆದರೆ ಅದು ತಪ್ಪು. ಚಾನ್ಸಲರ್ ಮತ್ತು ಕ್ಯಾನ್ಸಲ್ ತಂದೆ ಮಗ ಅಲ್ಲ, ಒಂದೇ ಕಟಕಟೆಯಿಂದ ಬೇರೆ ಬೇರೆಯಾಗಿ ಹೊರಟ ಅಣ್ಣತಮ್ಮಂದಿರು.

ಈಗ ಕ್ಯಾನ್ಸರ್. ನಿಮ್ಮ ಸಹೋದ್ಯೋಗಿಗೆ ಅರ್ಧ ಅಂಕ ಕೊಡಬಹುದು. ರೋಗದ ಹೆಸರು ಬಂದದ್ದು ಏಡಿ ಅನ್ನುವ ಅರ್ಥದ ಲ್ಯಾಟಿನ್ ಶಬ್ದದಿಂದ, ಪಂಚಾಂಗದ ಕರ್ಕಾಟಕ ರಾಶಿಗೆ ಇಂಗ್ಲಿಷಿನಲ್ಲಿ ಆ ಹೆಸರೇ ಇದೆ. ಲ್ಯಾಟಿನ್ನಿನಲ್ಲಿ ಅದೇ ಸ್ಪೆಲಿಂಗಿನ ಇನ್ನೊಂದು ಶಬ್ದವೂ ಇತ್ತು, ಅದಕ್ಕೆ ಅರ್ಥ ಜಾಲರಿ. ನಮ್ಮ ಕ್ಯಾನ್ಸೆಲ್ಲಿ ಈ ಎರಡನೆಯದರ ಚಿಕ್ಕ ರೂಪ, 'ಸಣ್ಣ ಜಾಲರಿ' ಅಂದ ಹಾಗೆ. ಈ ಜಾಲರಿಯ ಶಬ್ದವು ಸೆರೆಮನೆ ಅನ್ನುವ ಅರ್ಥದ ಕಾರ್ಕೆರ್‌ನಿಂದ ಉಚ್ಚಾರ ಬದಲಾಗಿ ಬಂದದ್ದು ಅನ್ನುವುದು ನಿಘಂಟುಕಾರರ ಸಾಮಾನ್ಯ ಅಭಿಪ್ರಾಯ. ಅಲ್ಲಿಗೆ ಕ್ಯಾನ್ಸಲ್‌ಗೆ ಜೈಲಿನ ಸರಳುಗಳ ನಂಟು ಉಂಟು, ಏಡಿಯದು ಇಲ್ಲ.

ಇನ್ನು ನಿಮ್ಮ ದಿನದ ಕೆಲಸಕ್ಕೆ ಬರೋಣ. ಕ್ಯಾನ್ಸಲ್ಡ್ ಚೆಕ್ ಮತ್ತು ಕ್ರಾಸ್ಡ್ ಚೆಕ್ ಎರಡನ್ನೂ ಜನ ಕಲಸಿಬಿಡುತ್ತಾರೆ, ಎರಡರಲ್ಲೂ ಇರುವುದು ಎರಡು ಗೀಟು, ಅದಕ್ಕೇ. ಎಡ ಮೂಲೆಯಲ್ಲಿ ಎರಡು ಸಣ್ಣ ಓರೆ ಗೀಟು ಎಳೆದರೆ ಅದು ಕ್ರಾಸಿಂಗ್. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 123ನೇ ಕಲಮಿನಲ್ಲಿ ಇದು ಬರುತ್ತದೆ. ಚೆಕ್ ಜೀವಂತ ಇದೆ, ಆದರೆ ಕೌಂಟರಿನಲ್ಲಿ ರೊಕ್ಕ ಕೊಡುವುದಿಲ್ಲ, ಖಾತೆಗೇ ಜಮಾ ಆಗಬೇಕು. ಚೆಕ್ಕಿನ ಈ ತುದಿಯಿಂದ ಆ ತುದಿಗೆ ಎರಡು ಉದ್ದ ಗೀಟು ಎಳೆದು ನಡುವೆ ದೊಡ್ಡ ಅಕ್ಷರದಲ್ಲಿ ಕ್ಯಾನ್ಸಲ್ಡ್ ಅಂತ ಬರೆದರೆ ಅದು ಸತ್ತ ಚೆಕ್. ಅದರಿಂದ ರೊಕ್ಕ ಹುಟ್ಟುವುದಿಲ್ಲ.

ಸತ್ತರೂ ಅದು ಸಾಕ್ಷಿ ಹೇಳುತ್ತದೆ. ಅದರ ಮೇಲೆ ಖಾತೆ ಸಂಖ್ಯೆ ಅಚ್ಚಾಗಿದೆ. 11 ಅಕ್ಷರಗಳ ಐಎಫ್‌ಎಸ್‌ಸಿ ಇದೆ, ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಕೆಳಗಿನ ಬಿಳಿ ಪಟ್ಟಿಯಲ್ಲಿ ಅಯಸ್ಕಾಂತದ ಶಾಯಿಯಲ್ಲಿ 9 ಅಂಕಿಯ ಎಂಐಸಿಆರ್ ಇದೆ, ಊರಿಗೆ ಮೂರು, ಬ್ಯಾಂಕಿಗೆ ಮೂರು, ಶಾಖೆಗೆ ಮೂರು. ಈಗಿನ ಚೆಕ್ಕುಗಳಲ್ಲಿ ಖಾತೆದಾರರ ಹೆಸರೂ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ನಿಮ್ಮ ಸದಸ್ಯರು ಅರ್ಜಿಯಲ್ಲಿ ಕೈಯಿಂದ ಬರೆದ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ಆಚೀಚೆ ಆದರೆ ಸಾಲದ ರೊಕ್ಕ ಯಾರದೋ ಖಾತೆಗೆ ಹೋಗುತ್ತದೆ. ಅಚ್ಚಾದ ಅಂಕಿ ತಪ್ಪುವುದಿಲ್ಲ. ಹರಿದು ಹಾಕಿದರೆ ಈ ಉಪಯೋಗ ಇಲ್ಲ, ಗೀಟು ಎಳೆಯದೆ ಖಾಲಿ ಚೆಕ್ ಕೊಟ್ಟರೆ ಸದಸ್ಯರಿಗೆ ಅಪಾಯ. ಎರಡರ ನಡುವಿನ ದಾರಿ ಕ್ಯಾನ್ಸಲ್. ಹಿರಿಯರಿಗೆ ಹೀಗೇ ಹೇಳಿ, "ರೊಕ್ಕ ತಗಿಯಾಕ ಬರಂಗಿಲ್ರೀ, ಓದಾಕ ಬರತೈತಿ" ಅಂತ.

ಈ ಮಾತು ಬಂದಾಗ ಎಚ್ಚರಿಕೆಯ ವಿಷಯ ಬಿಡುವ ಹಾಗಿಲ್ಲ. ಕ್ಯಾನ್ಸಲ್ ಮಾಡುವ ಚೆಕ್ಕಿಗೆ ಸಹಿ ಹಾಕಿಸಬೇಡಿ. ಗೀಟು ಅಂಕಿಗಳ ಮೇಲೆ ಹಾಯದ ಹಾಗೆ ನೋಡಿಕೊಳ್ಳಿ. ಮುಖ್ಯವಾಗಿ, ಸದಸ್ಯರು ತಮ್ಮ ಪೆನ್ನಿನಿಂದಲೇ ಬರೆಯಲಿ. ಸಾಲ ಕೊಡಿಸುತ್ತೇವೆ ಅಂತ ಮನೆಗೆ ಬಂದು, ತಮ್ಮದೇ ಪೆನ್ ಕೊಟ್ಟು ಕ್ಯಾನ್ಸಲ್ಡ್ ಅಂತ ಬರೆಸಿಕೊಂಡು, ಆಮೇಲೆ ಆ ಮಾಯವಾಗುವ ಶಾಯಿಯನ್ನು ಅಳಿಸಿ ಮೊತ್ತ ತುಂಬಿಸಿ ರೊಕ್ಕ ಎತ್ತಿದ ವಂಚಕರಿದ್ದಾರೆ. ಅಳಿಸಿ ಹೋಗುವ ಗೀಟು ಗೀಟೇ ಅಲ್ಲ.

ಈ ಪಾಠವನ್ನು ಬ್ರಿಟನ್ನಿನ ಅಂಚೆಯವರು ಹಿಂದೆಯೇ ಕಲಿತಿದ್ದರು. 1840ರಲ್ಲಿ ಜಗತ್ತಿನ ಮೊದಲ ಅಂಚೆ ಚೀಟಿ ಪೆನ್ನಿ ಬ್ಲ್ಯಾಕ್ ಬಂತು. ಕಪ್ಪು ಚೀಟಿ, ಅದರ ಮೇಲೆ ಕೆಂಪು ಶಾಯಿಯ ಶಿಲುಬೆ ಆಕಾರದ ಮುದ್ರೆ. ಕಪ್ಪಿನ ಮೇಲೆ ಕೆಂಪು ಸರಿಯಾಗಿ ಕಾಣುತ್ತಿರಲಿಲ್ಲ, ಮೇಲಾಗಿ ಆ ಕೆಂಪು ಶಾಯಿಯನ್ನು ತೊಳೆದು ತೆಗೆಯಬಹುದಿತ್ತು, ಜನ ತೊಳೆದ ಚೀಟಿಯನ್ನು ಮತ್ತೆ ಅಂಟಿಸುವ ಭಯ. ಮರುವರ್ಷವೇ ಬಣ್ಣ ತಿರುಗಿಸಿದರು. ಚೀಟಿ ಕೆಂಪಾಯಿತು, ಮುದ್ರೆ ಕಪ್ಪಾಯಿತು. ಅಂಚೆ ಭಾಷೆಯಲ್ಲಿ ಆ ಮುದ್ರೆ ಒತ್ತುವುದಕ್ಕೂ ಕ್ಯಾನ್ಸಲ್ ಮಾಡುವುದು ಅಂತಲೇ ಹೆಸರು.

ರೆವೆನ್ಯೂ ಸ್ಟ್ಯಾಂಪ್ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವ ಹಾಗೆ ಸಹಿ ಮಾಡಿಸುತ್ತೀರಲ್ಲ, ಅದೂ ಕ್ಯಾನ್ಸಲ್ಲೇ. ಸಹಿ ಚಂದ ಕಾಣಲಿ ಅಂತ ಅಲ್ಲ ಅದು. 1899ರ ಭಾರತೀಯ ಸ್ಟ್ಯಾಂಪ್ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಂಟಿಸಿದ ಸ್ಟ್ಯಾಂಪನ್ನು ಮತ್ತೆ ಬಳಸಲು ಬಾರದ ಹಾಗೆ ಕ್ಯಾನ್ಸಲ್ ಮಾಡಲೇಬೇಕು, ಮಾಡದಿದ್ದರೆ ಆ ಕಾಗದಕ್ಕೆ ಸ್ಟ್ಯಾಂಪೇ ಹಚ್ಚಿಲ್ಲ ಅಂತ ಲೆಕ್ಕ. ವಿಚಿತ್ರ ನೋಡಿ: ಇಲ್ಲಿ ಕ್ಯಾನ್ಸಲ್ ಮಾಡಿದರೇನೇ ಅದಕ್ಕೆ ಬೆಲೆ.

ಜಮೀನಿನ ಕಾಗದದಲ್ಲಿ ಈ ಗುಣ ಇನ್ನೂ ಸ್ಪಷ್ಟ. ಮೋಸದಿಂದ ಆದ ಖರೀದಿ ಪತ್ರವನ್ನು ಕೋರ್ಟು ರದ್ದು ಮಾಡಿತು ಅನ್ನಿ. 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 31ನೇ ಕಲಮಿನಂತೆ, ನೋಂದಣಿ ಆದ ಪತ್ರವಾದರೆ ಕೋರ್ಟು ಡಿಕ್ರಿಯ ಪ್ರತಿಯನ್ನು ನೋಂದಣಿ ಅಧಿಕಾರಿಗೆ ಕಳಿಸುತ್ತದೆ. ಅವರು ಹಳೆಯ ನಮೂದನ್ನು ಕಿತ್ತು ಹಾಕುವುದಿಲ್ಲ. ತಮ್ಮ ಪುಸ್ತಕದಲ್ಲಿರುವ ಆ ಪತ್ರದ ನಕಲಿನ ಮೇಲೆ 'ಇದು ರದ್ದಾಗಿದೆ' ಅಂತ ಷರಾ ಬರೆಯುತ್ತಾರೆ. ಮುಂದೆ ಯಾರಾದರೂ ಹುಡುಕಿದರೆ ಖರೀದಿಯೂ ಕಾಣಬೇಕು, ಅದು ರದ್ದಾದದ್ದೂ ಕಾಣಬೇಕು. ಸರ್ಕಾರಿ ರಜಿಸ್ಟರಿನಲ್ಲಿ ತಪ್ಪಾದರೆ ವೈಟ್ನರ್ ಹಚ್ಚಬೇಡ, ಒಂದೇ ಗೀಟು ಎಳೆದು ಪಕ್ಕದಲ್ಲಿ ಸಹಿ ಮಾಡು ಅಂತ ಹಳೆಯ ಹೆಡ್ ಕ್ಲಾರ್ಕುಗಳು ಬೈಯುತ್ತಿದ್ದದ್ದೂ ಇದಕ್ಕೇ. ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಉಲ್ಪಿಯನ್ನನ ಮನಸ್ಸು ಮಾತ್ರ ಪೂರಾ ಬರುತ್ತಿತ್ತು.

ನಾವು ಕ್ಯಾನ್ಸಲ್‌ಗೆ ಬಳಸುವ ರದ್ದು ಅರಬ್ಬಿಯಿಂದ ಪಾರಸಿ, ಉರ್ದು ದಾಟಿ ಬಂದದ್ದು. ಮೂಲ ಅರ್ಥ ಹಿಂದಕ್ಕೆ ಕಳಿಸು, ತಿರಸ್ಕರಿಸು. ರದ್ದಿ ಪೇಪರಿನ ರದ್ದಿಯೂ ಅದರ ಬಳಗವೇ. ಹಿರಿಯರು 'ಕ್ಯಾನ್ಸಲ್ ಅಂದರೆ ರದ್ದಿ' ಅಂದದ್ದು ನಮ್ಮ ಶಬ್ದದ ದಾರಿಯಲ್ಲಿ ನೋಡಿದರೆ ತಪ್ಪೇನಲ್ಲ! ಇಂಗ್ಲಿಷ್ ಶಬ್ದದ ದಾರಿ ಬೇರೆ, ಅಷ್ಟೇ. ಇಂಗ್ಲಿಷಿನಲ್ಲೂ ರದ್ದು ಮಾಡುವುದಕ್ಕೆ ಒಂದು ಮೂಟೆ ಕ್ರಿಯಾಪದಗಳಿವೆ. ರಿವೋಕ್ ಅಂದರೆ ಲ್ಯಾಟಿನ್ನಿನಲ್ಲಿ ಹಿಂದಕ್ಕೆ ಕರೆ, ಲೈಸೆನ್ಸು ಕೊಟ್ಟವರೇ ಅದನ್ನು ಮಾಡಬೇಕು. ರಿಸೈಂಡ್ ಅಂದರೆ ಕತ್ತರಿಸಿ ಹಾಕು, ಕರಾರುಗಳಿಗೆ ಬರುತ್ತದೆ. ಅನಲ್ ಅಂದರೆ ಏನೂ ಇಲ್ಲದ ಹಾಗೆ ಮಾಡು, ಮದುವೆಗೆ ಬಳಸುತ್ತಾರೆ, ಅಂದರೆ ಮದುವೆ ಆಗೇ ಇಲ್ಲ ಅನ್ನುವ ಲೆಕ್ಕ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಎಫ್‌ಐಆರ್ ಕ್ವಾಶ್ ಆಯಿತು ಅಂತ ವಕೀಲರು ಹೇಳುತ್ತಾರಲ್ಲ, ಅದರ ಹಿಂದೆ ಬರಿದು ಮಾಡು ಅನ್ನುವ ಒಂದು ಲ್ಯಾಟಿನ್ ಶಬ್ದ, ಅಲ್ಲಾಡಿಸಿ ಒಡೆ ಅನ್ನುವ ಇನ್ನೊಂದು, ಎರಡೂ ಬೆರೆತಿವೆ. ಇವೆಲ್ಲವುಗಳ ನಡುವೆ ಪೆನ್ ಹಿಡಿದ ಕೈ ಕಾಣುವುದು ಕ್ಯಾನ್ಸಲ್‌ನಲ್ಲಿ ಮಾತ್ರ.

ಕೊನೆಗೆ ಎಲ್‌ನ ಲೆಕ್ಕ. ಬರೀ ಕ್ಯಾನ್ಸಲ್ ಅಂತ ಬರೆಯುವಾಗ ಎಲ್ಲರಿಗೂ ಒಂದೇ ಎಲ್. ಕ್ಯಾನ್ಸಲ್ಡ್, ಕ್ಯಾನ್ಸಲಿಂಗ್ ಅನ್ನುವಾಗ ಬ್ರಿಟಿಷರು ಎರಡು ಹಾಕುತ್ತಾರೆ, ಟ್ರಾವೆಲ್ಡ್‌ಗೆ ಹಾಕುವ ಹಾಗೆ. ಅಮೆರಿಕದವರು ಒಂದೇ ಹಾಕುತ್ತಾರೆ. 1828ರಲ್ಲಿ ದೊಡ್ಡ ನಿಘಂಟು ತಂದ ನೋವಾ ವೆಬ್‌ಸ್ಟರ್ ಇಂಥ ಹೆಚ್ಚಿನ ಅಕ್ಷರಗಳನ್ನು ಕತ್ತರಿಸುವುದರಲ್ಲಿ ಮುಂದಿದ್ದ. ನಿಮ್ಮ ಕಂಪ್ಯೂಟರಿಗೆ ಅಮೆರಿಕನ್ ಇಂಗ್ಲಿಷ್ ಹಾಕಿದ್ದಾರೆ, ಅದಕ್ಕೇ ಕೆಂಪು ಗೆರೆ ತೋರಿಸುತ್ತಿದೆ. ಭಾರತದಲ್ಲಿ ನಡೆಯುವುದು ಬ್ರಿಟಿಷ್ ಪದ್ಧತಿ, ನಿಮ್ಮ ರಬ್ಬರ್ ಸ್ಟ್ಯಾಂಪ್ ಸರಿಯಾಗಿದೆ, ಹೊಸದು ಮಾಡಿಸುವ ಖರ್ಚು ಬೇಡ. ಕ್ಯಾನ್ಸಲೇಷನ್ ಬರೆಯುವಾಗ ಮಾತ್ರ ಅಮೆರಿಕದವರೂ ಸಾಮಾನ್ಯವಾಗಿ ಎರಡು ಎಲ್ ಹಾಕುತ್ತಾರೆ, ಯಾಕಂದರೆ ಆ ನಾಮಪದ ಲ್ಯಾಟಿನ್ನಿನಲ್ಲೇ ಎರಡು ಎಲ್ ಇಟ್ಟುಕೊಂಡು ಹುಟ್ಟಿದ್ದು.